ಬೀಜದ ಮಾರ್ಗ

ನೇರ ಮಾರ್ಗ ಇಲ್ಲ, ಶೇಖಬ್ಬರೇ.
ಹೋದ ವರ್ಷವೂ ಇದನ್ನೇ ಹೇಳಿದ್ದೆ.
ನೀವು ಇದೇ ಕುರ್ಚಿಯಲ್ಲಿ, ಒಂದು ಕಾಲು ಗಿಡ್ಡ ಇರುವ ಈ ಕುರ್ಚಿಯಲ್ಲಿ,
ಕೇಳಿದಂತೆ ಮಾಡಿ ಕೂತಿದ್ದಿರಿ.

ಫಳ್ನೀರಿನ ಈ ಎರಡನೇ ಮಾಳಿಗೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು ಮಾರುವುದು ದಾರಿಗಳನ್ನು.
ದೋಹಾ, ದಮ್ಮಾಮ್, ಕುವೈತ್ ಕಣ್ಣು ಮುಚ್ಚಿ ಬರೆದುಕೊಡುತ್ತೇನೆ.
ವೇಳಾಂಕಣ್ಣಿಯ ಆಚೆ ನಾನು ಹೋದವಳಲ್ಲ.
ನಿಮ್ಮ ಆ ದೇಶಕ್ಕೆ ಮಾತ್ರ
ಮೇಜಿನ ಗಾಜಿನಡಿಯ ನಕ್ಷೆಯಲ್ಲಿ ಬೆರಳಿಟ್ಟು ಹುಡುಕಬೇಕು.
ಸುತ್ತ ಆರು ಗಡಿ. ಎಲ್ಲಿಯೂ ನೀಲಿ ತಾಗುವುದಿಲ್ಲ.
ಹೆಸರು ಜೋರಾಗಿ ಹೇಳಬೇಡಿ,
ಇನ್ಶೂರೆನ್ಸಿನವರ ಕಿವಿ ಚುರುಕು.

ಒಂದು: ಮುಂಬೈ, ಅಲ್ಲಿಂದ ಅಡಿಸ್ ಅಬಾಬಾ,
ಅಲ್ಲಿ ಒಂಬತ್ತು ಗಂಟೆ ಕಬ್ಬಿಣದ ಬೆಂಚು,
ಮತ್ತೆ ಇಡೀ ಖಂಡವನ್ನು ಅಡ್ಡ ದಾಟುವ ವಿಮಾನ,
ಹಾರಿದರೆ.
ಇನ್ನೊಂದು: ದುಬೈ, ಕಾಸಾಬ್ಲಾಂಕಾ,
ರಾತ್ರಿಯಿಡೀ ಕೆಳಗೆ ಮರಳು. ದುಡ್ಡು ಜಾಸ್ತಿ.
ಮೂರನೆಯದು ಟಿಕೆಟಿನಲ್ಲಿ ಬರೆಯುವಂಥದ್ದಲ್ಲ.
ಅದು ನಿಮಗೇ ಗೊತ್ತು.

ಆ ರಾತ್ರಿ ಎರಡೂವರೆಗೆ ನಿಮ್ಮ ಫೋನು:
"ಐರಿನ್ ಬಾಯಿ, ಟೀವಿಯಲ್ಲಿ ಯೂನಿಫಾರ್ಮಿನ ಹುಡುಗ ಒಬ್ಬ
ಕಾಗದ ಓದ್ತಾ ಇದ್ದಾನೆ. ಭಾಷೆ ಅರ್ಥ ಆಗ್ಲಿಲ್ಲ.
ಹೋಟೆಲಿನ ಅಡುಗೆಯವ ಒಲೆ ಆರಿಸಿದ, ಅದು ಅರ್ಥ ಆಯ್ತು."

ಬೆಳಗಾಗುವಷ್ಟರಲ್ಲಿ ಆಕಾಶಕ್ಕೆ ಬೀಗ.
ನನ್ನ ಪರದೆಯಲ್ಲಿ ಆ ಊರಿನ ಮೂರು ಅಕ್ಷರ ಬೂದಿ ಬಣ್ಣ.
ಹದಿಮೂರು ಕಡೆ ಕೇಳಿದೆ. ದೆಹಲಿಯವರು ಒಂದು ಫಾರ್ಮ್ ಕಳಿಸಿದರು,
ಅದರಲ್ಲಿ 'ಪ್ರಯಾಣದ ಉದ್ದೇಶ' ಎಂದು ಒಂದು ಗೆರೆ.
ಗೇರುಬೀಜ, ಎಂದು ಬರೆದೆ.
ಬರೆದದ್ದನ್ನೇ ನೋಡುತ್ತಾ ಕೂತೆ.
ಕಡಲಿಲ್ಲದ ಊರಿನ ಮೂಟೆ
ಪಣಂಬೂರಿನಲ್ಲಿ ಇಳಿಯುವುದುಂಟಲ್ಲ, ಅದು ಹೇಗೆ ಬರುತ್ತದೆ?

ಹಾಗೆ ನೀವು ಬೀಜದ ಮಾರ್ಗದಲ್ಲಿ ಬಂದಿರಿ.
ಸಲೀಫನ ಲಾರಿಯಲ್ಲಿ, ಎಂಬತ್ತು ಕಿಲೋದ ಮೂಟೆಗಳ ಮೇಲೆ,
ತೆಂಕು ದಿಕ್ಕಿಗೆ, ಆರು ದಿನ.
ಮಾರ್ಗಕ್ಕೆ ಅಡ್ಡ ಕಟ್ಟಿದ ಪ್ರತಿ ಹಗ್ಗದ ಹತ್ತಿರ ಇಳಿದು
ಹಳದಿ ಜ್ವರದ ಕಾರ್ಡು ತೋರಿಸಿದ್ದಿರಂತೆ.
ಪಾಸ್‌ಪೋರ್ಟಿಗಿಂತ ಅದಕ್ಕೇ ಹೆಚ್ಚು ಮರ್ಯಾದೆ,
ಮೊಹರು ದೊಡ್ಡದು ಅಂತ.
ಒಂದು ಕಡೆ ಕೋವಿ ಹಿಡಿದವನಿಗೆ
ಬೀಜ ಸೀಳಿ ತೋರಿಸಿದಿರಿ:
ಇದು ಒಳ್ಳೆಯದು, ಇದು ಕಪ್ಪು, ಇದರೊಳಗೆ ಹುಳ.
ಅವ ನಿಮ್ಮ ಚೂರಿ ಇಟ್ಟುಕೊಂಡ.
ಉಳಿದದ್ದು ನೀವು ಹೇಳಿಲ್ಲ. ನಾನೂ ಕೇಳಿಲ್ಲ.
ಆ ಮಾತು ಬಂದಾಗ ಕುರ್ಚಿ ಅಲುಗುತ್ತದೆ, ಅಷ್ಟೆ.

ಲೋಮೆಯಿಂದ ಮತ್ತೆ ಫೋನು. ಬರೀ ಗಾಳಿಯ ಸದ್ದು.
ಎಲ್ಲಿದ್ದೀರಿ, ಎಂದು ನಾನು ಬೊಬ್ಬೆ ಹೊಡೆದರೆ
"ದಕ್ಕೆಯಲ್ಲಿ. ಎಂತ ಮೀನು ಬಂದಿದೆ ಅಂತ ನೋಡ್ತಾ ಇದ್ದೇನೆ."

ಸಲೀಫ್ ಕೇಳಿದ್ದನಂತೆ,
ನಿನ್ನ ಮನೆಯಿಂದ ಸಮುದ್ರಕ್ಕೆ ಎಷ್ಟು ಗಡಿ?
ನೀವು ಲೆಕ್ಕ ಹಾಕಿ ಹೇಳಿದಿರಿ: ಒಂದು.
ಉಳ್ಳಾಲದ ರೈಲ್ವೆ ಗೇಟು.
ಅವ ನಗಲಿಲ್ಲ. ಅಲ್ಲಿ ಎಷ್ಟು ಕೊಡಬೇಕು, ಎಂದ.

ಈಗ ಮತ್ತೆ ಫೆಬ್ರವರಿ, ಮತ್ತೆ ನೀವು.
ಅಲ್ಲಿ ಮರದಡಿ ಬೀಜ ಬೀಳುತ್ತಿದೆ,
ಇಲ್ಲಿ ಕಾರ್ಖಾನೆಯ ಹೆಂಗಸರು ವಾರಕ್ಕೆ ಮೂರೇ ದಿನ ಬರುತ್ತಿದ್ದಾರೆ.
ಕಾಗದ ಓದುವ ಹುಡುಗ ಬದಲಾಗಿದ್ದಾನೆ,
ಕಾಗದ ಅದೇ ಇರಬೇಕು.
ಹೋಗುವ ತಾರೀಕು ಹಾಕಿದ್ದೇನೆ.
ಬರುವುದು?
ಖಾಲಿ ಬಿಡಿ ಬಾಯಿ, ಎನ್ನುತ್ತೀರಿ.
ಖಾಲಿ ಬಿಟ್ಟರೆ ಈ ಯಂತ್ರ ಮುಂದೆ ಹೋಗುವುದಿಲ್ಲ.
ಏಪ್ರಿಲ್ ಹದಿನೇಳು ಎಂದು ಒತ್ತಿದೆ.
ಅಣ್ಣನ ಮಗಳ ರೋಸ್ ಅವತ್ತೇ,
ನನಗೆ ನೆನಪಿರುತ್ತದೆ.

ಚೂರಿ ಹೊಸತು ತಕ್ಕೊಂಡಿರಾ?
ಎರಡು ತಕ್ಕೊಳ್ಳಿ.
ಕೈಚೀಲದಲ್ಲಿ ಇಡಬೇಡಿ.