ಪದಕದ ಬೆನ್ನು

ಕೊರಳಿಗೆ ಹಾಕಿದ ದಿನವೇ
ಬೆರಳು ತಾನಾಗಿ ಅದರ ಹಿಂಬದಿಗೆ ಹೋಯಿತು.
ಮೂವತ್ತೆಂಟು ವರ್ಷ ಎರಕ ಹೊಯ್ದವನ ಚಾಳಿ,
ಮುಖದ ಹೊಳಪು ನಂಬುವುದಿಲ್ಲ, ಮಗುಚಿ ನೋಡುತ್ತೇವೆ.
ಅಲ್ಲಿತ್ತು. ಸಾಸಿವೆಕಾಳಿನಷ್ಟು ತೂತು,
ಒಳಗೆ ಸಿಕ್ಕಿಬಿದ್ದ ಗಾಳಿ ಬಿಟ್ಟುಹೋದ ಗುರುತು.
ಸಭೆ ಚಪ್ಪಾಳೆ ತಟ್ಟುತ್ತಿತ್ತು.
ನಾನು ಮನಸ್ಸಿನಲ್ಲೇ ಮಾಲು ವಾಪಸು ಕಳಿಸಿದ್ದೆ.

ಚಿನ್ನದ ನೀರು ಕುಡಿದ ಹಿತ್ತಾಳೆ.
ಮೇ ತಿಂಗಳ ಬೆವರಿಗೆ ಮೂರನೆಯ ಸಭೆಗೇ
ಅಂಗಿಯ ಕಾಲರಿಗೆ ಹಸಿರು ಬಿಟ್ಟಿತು.
ನೀಲವ್ವ ನಿಂಬೆಹೋಳು ತಿಕ್ಕುತ್ತ ಕೇಳಿದಳು:
'ಅಧ್ಯಕ್ಷಗಿರಿ ಅಂದ್ರ ಇಷ್ಟ ಏನ್ರಿ, ಕಿಲುಬು?'

ಶಿವಾಜಿನಗರದಲ್ಲಿ ಕೆಳಗೆ ಝೆರಾಕ್ಸ್ ಅಂಗಡಿ,
ಎರಡನೆಯ ಮಾಳಿಗೆಯಲ್ಲಿ ನಮ್ಮ ಎರಕತಜ್ಞರ ಸಂಸ್ಥೆ.
ಗೋಡೆಯ ಮೇಲೆ ನಲವತ್ತೊಂದು ಮಾಜಿಗಳು,
ಜೀವಮಾನವಿಡೀ ಮರಳಿನ ಧೂಳು ನುಂಗಿದವರು,
ಫೋಟೋದೊಳಗೆ ಒಬ್ಬರೂ ಕೆಮ್ಮುವುದಿಲ್ಲ.

ಹಲಗೆ ಬರೆಯುವ ಹುಡುಗ
ಹಂಚಿನಮನಿಯನ್ನು ಹಂಚಿನಮಣಿ ಮಾಡಿದ.
ತಿದ್ದಿಸಲೇ ಎಂದ ಜವಾನ ತಾಪಕೀರ.
ಇರಲಿ ಬಿಡು ಎಂದೆ. ಬೆಳಗಾವಿ ಬಿಟ್ಟು ಬಂದ ವಾರವೇ
ಭೋಸರಿಯ ಗೇಟಿನ ಹಾಜರಿ ಪುಸ್ತಕದಲ್ಲಿ
ಮನಿ ಹೋಗಿ ಮಣಿ ಆಗಿತ್ತು.

ವರ್ಷವಿಡೀ ಏನು ಮಾಡಿದೆ?
ಇಪ್ಪತ್ತಾರು ಶಾಲು ಹೊದ್ದೆ.
ಬಂದ ತೆಂಗಿನಕಾಯಿ ನಮ್ಮ ಚಟ್ನಿಗೆ ಮಿಕ್ಕಿ ನೆರೆಮನೆಗೂ ಹೋದವು.
ಇಚಲಕರಂಜಿಯಲ್ಲಿ ರುಮಾಲು ಸುತ್ತಿದರು, ಕಿವಿ ಮುಚ್ಚಿ
ನನ್ನದೇ ಭಾಷಣ ಅರ್ಧ ನನಗೆ ಕೇಳಲಿಲ್ಲ.
ನಷ್ಟವೇನೂ ಆಗಲಿಲ್ಲ.
ಪರದೆ ಕಡುನೀಲಿಯೋ ತಿಳಿನೀಲಿಯೋ ಎಂದು
ಕಾರ್ಯದರ್ಶಿ ಘೈಸಾಸ್, ಖಜಾಂಚಿ ದಾರೂವಾಲಾ
ಮೂರು ತಿಂಗಳು ಮಾತು ಬಿಟ್ಟರು.
ಇವೆಲ್ಲ ವಾರ್ಷಿಕ ವರದಿಯಲ್ಲಿವೆ, ಬಣ್ಣದ ಚಿತ್ರ ಸಮೇತ.

ಒಂದೇ ಸಾಲಾಗಿ ಹೋದದ್ದು ಬೇರೆ.
ನವೆಂಬರ್ ಸಭೆ, ವಿಷಯ ಏಳು.
ಆರು ಪರದೆ, ಎಂಟು ವಾಹನ ನಿಲುಗಡೆ,
ನಡುವೆ ಚಿಂಚವಡದ ಶಿರಗುಪ್ಪೆಯ ಕಾಗದ:
'ಕುಲುಮೆಯನ್ನು ತೂಕಕ್ಕೆ ಮಾರಿದ್ದೇನೆ.
ಎರಕ ಹೊಯ್ಯದವನು ಎರಕದವರ ಪಟ್ಟಿಯಲ್ಲಿರುವುದು ಸರಿಯಲ್ಲ.
ಹೆಸರು ತೆಗೆಯಬೇಕು. ಬಾಕಿ ಚಂದಾ ಲಗತ್ತಿಸಿದೆ.'
ಏಳುನೂರೈವತ್ತು. ಚೆಕ್ಕಲ್ಲ, ನೋಟುಗಳು,
ಮೂಲೆಗೆ ಗುಂಡುಸೂಜಿ ಚುಚ್ಚಿ.
ನಿಯಮ ಹನ್ನೊಂದರಂತೆ ಒಪ್ಪಿಗೆ, ಎಂದರು ಘೈಸಾಸ್.
ಯಾರೋ ಬಿಸ್ಕತ್ತು ಮುರಿದರು.
ಸಹಿ ಹಾಕಿದೆ. ಪೆನ್ನು ಎಲ್ಲೂ ತೊಡರಲಿಲ್ಲ.

ಗೊತ್ತಿಲ್ಲದ ಮನುಷ್ಯನೇನಲ್ಲ.
ಎಂಬತ್ತಾರರಲ್ಲಿ ನನ್ನ ಮೊದಲ ಪಂಪಿನ ಹೊದಿಕೆ
ಜೇನುಗೂಡಿನಂತೆ ತೂತಾಗಿ ಬಂದಾಗ
ಸೈಕಲ್ಲಿನಲ್ಲಿ ಬಂದಿದ್ದ. ಅಚ್ಚಿನ ಮರಳು ಮುಷ್ಟಿಯಲ್ಲಿ ಹಿಂಡಿ,
ಹೆಂಟೆ ಮುರಿದು, ಮೂಸಿ,
'ನೀರ ಭಾಳ ಆಗೇದೋ ತಮ್ಮಾ' ಎಂದ.
ಚಹಾ ಕೂಡ ಕುಡಿಯದೆ ಹೋದ.

ಮರುವಾರ ಹುಡುಕಿಕೊಂಡು ಹೋದೆ.
ಕುಲುಮೆಯಿದ್ದ ಜಾಗದಲ್ಲಿ ಪಾರ್ಸಲ್ ಗೋದಾಮು,
ನೆಲವಿನ್ನೂ ಕಪ್ಪು.
ಯಾರು ಬೇಕು, ಎಂದ ಕಾವಲಿನವನು.
ನನ್ನ ಪದವಿ ಹೇಳಿದೆ.
ಪಾರ್ಸಲ್ ನಂಬರು ಹೇಳಿ, ಎಂದ.

ಮತ್ತೆ ಮೇ. ವೈಜಯಂತಿ ದಾಭೋಳೆಯ ಕೊರಳಿಗೆ
ನಾನೇ ಹಾಕಿದೆ. ಚಪ್ಪಾಳೆಗೂ ಮುಂಚೆ
ಆಕೆಯ ಹೆಬ್ಬೆರಳು ಹಿಂದೆ ಸರಿದು
ತೂತಿನ ಮೇಲೆ ನಿಂತಿತು.
'ಗೊತ್ತಿತ್ತೇ?'
'ಮೊದಲ ದಿನವೇ.'
'ಒಂದು ವರ್ಷ ಯಾರಿಗೂ ಹೇಳಲಿಲ್ಲ.'
ಹೇಳಬೇಕೆಂದಿದ್ದೆ. ಫೋಟೋದವನು, ನಗಿರಿ, ಎಂದ.

ಒಳಕೋಣೆಯಲ್ಲಿ ತಾಪಕೀರ
ನಲವತ್ತೆರಡನೆಯ ಮೊಳೆ ಹೊಡೆಯುತ್ತಿದ್ದ.
ಗಾರೆಯ ಪುಡಿ ಬಾಗಿಲವರೆಗೂ ಬಂತು.
ನಾನು ಕೆಮ್ಮಿದೆ.