ನಲವತ್ತರೊಳಗೆ

ಟಿಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟು ಬರುತ್ತಿದ್ದುದು
ಸಂಜೆ ಆರಕ್ಕೆ, ಹೋಗುತ್ತಿದ್ದುದು ಅದರ ಇಷ್ಟಕ್ಕೆ.
ಸ್ವಾನೆತಿ ಬೆಟ್ಟದ ಶಾಲೆಗೆ ಇದ್ದದ್ದು ಒಂದೇ ಫೋನು ತಂತಿ,
ಅದರೊಳಗೆ ತೂರಿ ಹೋಗಬೇಕು ನಮ್ಮ ಕರಡಿ,
ನೀರು ಕಾಯಿಸಿ ಕುಡಿಯಿರಿ ಎಂದು ಮಕ್ಕಳಿಗೆ ಹೇಳುವ ಕರಡಿ.
ನಲವತ್ತು ಕಿಲೋಬೈಟು ದಾಟಿದರೆ ನಡುದಾರಿಯಲ್ಲೇ ಕಡಿಯುತ್ತದೆ
ಎಂದಿದ್ದರು ಅಲ್ಲಿನ ಮೇಷ್ಟ್ರು ಬೆಸಿಕ್.
ಕರಡಿ ತೂಗುತ್ತಿತ್ತು ಇನ್ನೂರ ಹನ್ನೆರಡು.

ಬರೆದದ್ದು ನಾನುಲಿ. ಮೂವತ್ತು ವರ್ಷ
ಸೆಲ್ಯುಲಾಯ್ಡ್ ಹಾಳೆಯ ಮೇಲೆ ನರಿಗಳನ್ನು, ಮದುಮಕ್ಕಳನ್ನು
ಸೆಕೆಂಡಿಗೆ ಇಪ್ಪತ್ನಾಲ್ಕರಂತೆ ನಡೆಸಿದ ಕೈ.
ಆ ಸ್ಟುಡಿಯೊ ಈಗ ಟೈಲ್ಸ್ ಅಂಗಡಿ.
ಸೀಮೆಎಣ್ಣೆ ಒಲೆಯ ಪಕ್ಕ, ಬೆರಳಿಲ್ಲದ ಕೈಗವಸು ಹಾಕಿ
ಟ್ಯಾಬ್ಲೆಟ್ಟಿನ ಮೇಲೆ ಬರೆದು ನನ್ನತ್ತ ತಳ್ಳಿದಳು:
"ಕಟುಕ ನೀನು. ಕುಯ್ಯಿ."

ಕುಯ್ದೆ.
ಮುನ್ನೂರು ಮರಗಳಲ್ಲಿ ಒಂದನ್ನು ಉಳಿಸಿ
ಅದನ್ನೇ ತಿರುಗಿಸಿ, ಕುಗ್ಗಿಸಿ, ಹಿಂದೆ ಮುಂದೆ ನಿಲ್ಲಿಸಿದೆ;
ಫೈಲಿಗೆ ಒಂಟಿ ಮರ, ಕಣ್ಣಿಗೆ ಕಾಡು.
ಇಳಿಯುತ್ತ ಇಳಿಯುತ್ತ ತಿಳಿಯಾಗುತ್ತಿದ್ದ ಆಕಾಶಕ್ಕೆ
ಒಂದೇ ನೀಲಿ ಬಳಿದೆ.
ಕೈ ಬೀಸುವುದಕ್ಕೆ ಹನ್ನೊಂದು ಚಿತ್ರ. ಮೊದಲನೆಯದು, ಕೊನೆಯದು ಇಟ್ಟು
ನಡುವಿನದನ್ನು ನೀನೇ ಊಹಿಸಿಕೋ ಎಂದೆ ಯಂತ್ರಕ್ಕೆ.
ಮೂವತ್ತಮೂರು ಅಕ್ಷರದ ಮಾಲೆ ಹೊತ್ತು ಕೂತಿತ್ತು;
ಆ ಒಂದು ವಾಕ್ಯಕ್ಕೆ ಬೇಕಾದ ಹದಿನಾಲ್ಕು ಬಿಟ್ಟು
ಉಳಿದವರನ್ನೆಲ್ಲ ಮನೆಗೆ ಕಳಿಸಿದೆ.
ದಶಮಾಂಶಗಳ ಬಾಲ ಕತ್ತರಿಸಿದೆ.
೧೧೨.೪೩೭ ಇದ್ದದ್ದು ೧೧೨ ಆದರೆ ಯಾವ ಕರಡಿಗೆ ನೋವು?

ಐವತ್ತೊಂದು.

ಎಂಟು ಪಟ್ಟು ಹಿಗ್ಗಿಸಿ ಗೆರೆಯ ಹತ್ತಿರ ಹೋದೆ.
ಬೆನ್ನಿನ ಒಂದು ಬಾಗಿಗೆ ನೂರ ಅರವತ್ತು ಬಿಂದು!
ಮೂರು ಸಾಕು ಯಾವ ಬೆನ್ನಿಗಾದರೂ.
ಮಿಕ್ಕಿದ್ದೆಲ್ಲ ಏನು ಎಂದು ನೋಡಿದರೆ,
ಚಳಿ.
ಅವಳ ಬೆರಳಿನ ನಡುಕವನ್ನೆಲ್ಲ ಒಂದೂ ಬಿಡದೆ
ಶಾನುಭೋಗನ ಹಾಗೆ ಬರೆದಿಟ್ಟುಕೊಂಡಿತ್ತು ಟ್ಯಾಬ್ಲೆಟ್ಟು.

ನಯ ಮಾಡುವ ಬಟನ್ ಒತ್ತಿದೆ. ಮೂವತ್ತೇಳು!
ಕರಡಿ ಈಗ ನುಣ್ಣಗೆ, ಹೊಸ ಸೋಪಿನ ಹಾಗೆ.
ನಾನುಲಿ ಬಗ್ಗಿ ನೋಡಿದಳು, ತುಂಬ ಹೊತ್ತು.
"ಚೆನ್ನಾಗಿದೆ. ಯಾರು ಬರೆದದ್ದು?"

ಬಲ್ಬು ಒಮ್ಮೆ ಮಿಟುಕಿತು.
ಕೆಟಲು ಹಿಡಿದ ಒಂದು ಪಂಜಕ್ಕೆ ಮಾತ್ರ
ಅದರ ನಡುಕ ವಾಪಸು ಕೊಟ್ಟೆ. ನಲವತ್ತೆರಡು.
ಚೌಕಾಸಿಗೆ ಉಳಿದದ್ದು ಕೆಟಲಿನ ಸಿಳ್ಳೆ, ಮೂರು ಕಿಲೋಬೈಟು.
ಬೆಸಿಕ್‌ಗೆ ಫೋನು ಮಾಡಿದೆ:
"ಉಗಿ ಬಂದಾಗ ನೀವೇ ಸಿಳ್ಳೆ ಹಾಕಿ, ಮೇಷ್ಟ್ರೇ."

ಮೋಡೆಮ್ಮು ಕೆಮ್ಮಿ, ಕೀರಲಿ, ದಾರಿ ಹಿಡಿಯಿತು.
ಹತ್ತು. ಇಪ್ಪತ್ತಾರು. ಮೂವತ್ತು.
ಮೂವತ್ತನಾಲ್ಕಕ್ಕೆ ಇಡೀ ಬೀದಿ ಕತ್ತಲು.

ಒಲೆಯ ಕೆಂಪಿಗೆ ಕೈಯೊಡ್ಡಿ ಕೇಳಿದಳು,
"ಯಾವುದು ಬಾಕಿ?"
"ಕೊನೆಯದು. ಉಗಿ."
"ಹಾಗಾದರೆ ಅಲ್ಲಿ," ಎಂದಳು ನಾನುಲಿ,
"ನೀರು ಇನ್ನೂ ಕಾಯುತ್ತಿದೆ.
ಕರಡಿಯೂ."