ಐದು ಉಂಡಿ ಸಿಮೆಂಟು

ಬಾಗಿಲ ಹಿಂದ, ಔಷಧದ ಅಂಗಡಿ ಕ್ಯಾಲೆಂಡರ್ ಸರಿಸಿದರ
ಇದ್ದಿಲಿಲೆ ಬರದ ನನ್ನ ನಂಬರು ಇನ್ನೂ ಅದ.
ಎಂಟು ವರ್ಷದ ಹಿಂದ ಕೈ ಒರಸಿ ನಾನಽ ಬರದದ್ದು,
ಕನ್ನಡ ಅಂಕಿಯೊಳಗ.

ಮೊಮ್ಮಗಳು ಸಮೃದ್ಧಿಗೆ ಅದು ಬರೀ ಗೆರಿ, ಸುತ್ತು.
ಮೈಂದರ್ಗಿಯ ಮರಾಠಿ ಸಾಲಿ, ಮೂರನೇ ಇಯತ್ತೆ.
ರತ್ನವ್ವಾಯಿ ಕನ್ನಡಕ ಹುಡುಕಿ ಒಂದೊಂದಽ ಓದಿ ಹೇಳೂದು,
ಹುಡುಗಿ ಗುಂಡಿ ಒತ್ತೂದು.
ಆರಕ್ಕ ಒಂಬತ್ತು ಅಂದದ್ದಕ್ಕ
ಮೊದಲು ಬಾರ್ಶಿಯ ಹಿಟ್ಟಿನ ಗಿರಣಿಯಂವ ಎತ್ತಿದನಂತ,
‘ಜ್ವಾರಿನೋ ಗೋದಿನೋ’ ಅಂತ ಕೇಳಿದನಂತ.
ಎರಡನೇ ಸಲಕ್ಕ ನಾ ಸಿಕ್ಕೆ.

‘ಮೂರಽ ಟೈಲ್ಸ್ ಅಲಗಾಡತಾವ, ಬಂದಗೀಸಾಬ,
ನ್ಹಾಣ್ಯಾಗ ಒಂದೀಟು ಸಿಮೆಂಟು ಮೆತ್ತಿ ಹೋಗು.’
ಥಾಪಿ ಹಿಡಿಕಿಲೆ ಬಡಕೊಂತ ಹ್ವಾದೆ
ಹಂಡೆ ಒಲಿಯಿಂದ ಮೋರಿ ತನಕ.
ಟೊಳ್ಳು. ಟೊಳ್ಳು. ಒಂದು ಗಟ್ಟಿ. ಮತ್ತ ಟೊಳ್ಳು.
ಅಲಗಾಡೂವು ಮೂರು.
ಉಳದವು ಇನ್ನೂ ಅಲಗಾಡಿಲ್ಲ, ಅಷ್ಟ.

ಒಂದನ್ನ ಎಬ್ಬಿಸಿ ಬೋರಲ ಹಾಕಿದೆ.
ನಾಕು ಮೂಲಿಗೆ ನಾಕು, ನಡುವ ಒಂದು,
ಐದು ಉಂಡಿ ಸಿಮೆಂಟು,
ಪಂಚಮಿ ಮುಗದ ಮ್ಯಾಲ ಡಬ್ಬಿಯೊಳಗ ಉಳದವರಂಗ.
ನಡುವಿನದರ ಮ್ಯಾಲ ಹೆಬ್ಬೆಟ್ಟಿನ ತಗ್ಗು.
ನನ್ನ ಹೆಬ್ಬೆಟ್ಟು ಇಟ್ಟು ನೋಡೂ ಧೈರ್ಯ ಆಗಲಿಲ್ಲ,
ಗರಜೂ ಇರಲಿಲ್ಲ.

ಬುಡಕ ಎರಿ ಮಣ್ಣು.
ಹೊಲದಾಗ ಇದ್ರ ಬಿಳಿಜೋಳ ಆಳೆತ್ತರ ಎಬ್ಬಸೂ ಮಣ್ಣು,
ಮನಿ ಬುಡಕ ಇದ್ರ
ಮಿರಗದ ಮಳಿಗೆ ಉಬ್ಬತದ, ಬ್ಯಾಸಿಗ್ಯಾಗ ಬಾಯಿ ತೆಗೀತದ.
ಬಿರುಕಿನ್ಯಾಗ ಥಾಪಿ ಇಳಿಬಿಟ್ಟೆ, ಹಿಡಿಕಿ ತನಕ ನುಂಗಿತು.

‘ಆವಾಗಽ ಹೇಳಿದ್ದೆ, ಆಯಿ,
ಎರಡು ಫೂಟು ಅಗದು ಗರಸು ತುಂಬೂಣು ಅಂತ’ —
ಬಾಯಿ ತನಕ ಬಂತು.
ಹೇಳಿದ್ದು ಖರೆ. ಹೇಳಿ, ಹಂಗಽ ಹಾಕಿದ್ದೂ ಖರೆ.
ಎರಡು ದಿನದಾಗ ಬಾಣಂತಿ ದವಾಖಾನಿಯಿಂದ ಬರಾಕಿ ಇದ್ಲು,
ಕೂಸಿಗೆ ನೀರು ಹಾಕಾಕ ಒಂದು ನೆಲ ಬೇಕಾಗಿತ್ತು.
ಆ ಕೂಸು ಈಗ ಹೊಚ್ಚಲ ದಾಟಿ ಬಂದು
ಸಡಿಲ ಟೈಲ್ಸ್ ಮ್ಯಾಲ ಕುಣದು ಟಕ್ ಟಕ್ ಅನಸಾಕತ್ತದ.
ರತ್ನವ್ವಾಯಿ ಉಂಡಿ ನೋಡಿದ್ಲು, ನನ್ನ ನೋಡಿದ್ಲು.
‘ಗರಸು ಎಷ್ಟು ಬುಟ್ಟಿ ಬೇಕು?’

ಕರಿ ಮಣ್ಣು ಹಿತ್ತಲಕ್ಕ, ಗರಸು ಒಳಗ.
ಟ್ರ್ಯಾಕ್ಟರಿನಂವ ಮುರುಮ ಅಂದ, ಆಯಿ ಗರಸು ಅಂದ್ಲು;
ದಮ್ಮಸ ಬಿದ್ದ ಮ್ಯಾಲ ಎರಡೂ ಒಂದಽ ಸಪ್ಪಳ.
ಮನಿ ಮಂದಿ ಸೀರಿ ಮರಿಗೆ ಜಳಕ ಮಾಡಿದ್ರು.
ಕೋಬಾ ಹಾಕಿ, ಮೋರಿ ಕಡೆ ಬೆರಳು ದಪ್ಪ ಇಳಕಲ ಕೊಟ್ಟು,
ಹಸಿ ಇದ್ದಾಗಽ ಮೊಳಿ ಹಿಡದು ಗೀಚಾಕ ಕುಂತೆ.
‘ಹೊಸಾ ನೆಲ ಯಾಕ ಕೆಡಸತಿ, ಕಾಕಾ?’
‘ನುಣ್ಣಗ ಇದ್ರ ಮ್ಯಾಲಿಂದು ಹಿಡಿಯಂಗಿಲ್ಲ. ನೀನೂ ಗೀಚು.’
‘ಏನು ಗೀಚಲಿ?’

ಸೊನ್ನಿಯಿಂದ ಸುರು ಮಾಡಿದ್ವಿ.
ಎರಡು, ಮೂರು ನೋಡಿ ‘ಇವು ನಮ್ಮವಽ’ ಅಂದ್ಲು.
ಆರಕ್ಕ ಬಂದು ಮೊಳಿ ನಿಂತಿತು.
ಬಾಲ ಯಾವ ಕಡೆ ಹೊಳ್ಳತದ ನೋಡು, ಅಂದೆ,
ಇಲ್ಲಂದ್ರ ಬಾರ್ಶಿ ಗಿರಣಿ.

ಮೂರನೇ ದಿನ ಉಂಡಿ ಕಟ್ಟಲಾರದ, ತುಂಬ ಸಿಮೆಂಟು ಹರವಿ
ಅಂಕಿ ಮುಚ್ಚಿ ಟೈಲ್ಸ್ ಕುಂಡರಿಸಿದೆ.
ಎರಡು ಒಡದಿದ್ವು. ಆ ಬಣ್ಣ ಅಕ್ಕಲಕೋಟದಾಗ ಈಗ ಸಿಗಂಗಿಲ್ಲ,
ಮೀನಿನ ಚಿತ್ರದವು ತಂದೆ.
ಮೋರಿ ಹತ್ತರ ಎರಡು ಮೀನು,
ಒಂದರ ಮಾರಿ ಇನ್ನೊಂದರ ಕಡೆ ಇಲ್ಲ.

ಪಗಾರ ಒಂದು ದಿನದ್ದು ಬಿಟ್ಟೆ. ಯಾಕಂತ ಆಯಿ ಕೇಳಲಿಲ್ಲ.
ಕ್ಯಾಲೆಂಡರ್ ತಿರುಗಿ ಮೊಳಿಗೆ ಹಾಕೂ ಮುಂದ
ಹುಡುಗಿ ಗ್ವಾಡಿ ನೋಡಿ ತುಟಿ ಅಲಗಾಡಸಿದ್ಲು, ಹತ್ತೂ ಅಂಕಿ.
ನನ್ನ ಕಿಸೆದಾಗ ಫೋನು ಬಾರಿಸಿತು.
ಎತ್ತಿ, ‘ಜ್ವಾರಿನೋ ಗೋದಿನೋ?’ ಅಂದೆ.